ಐಕಾನಿನ ಹಿಂದಿನ ಸಾಲು



2025ರ ಜೂನ್ ತಿಂಗಳಲ್ಲಿ ಶಾಲೆ ಪುನಃ ಪ್ರಾರಂಭವಾದ ಎರಡನೆಯ ವಾರ ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ನಡೆದ ಸಂಗತಿಯೊಂದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕಿಟಕಿಯ ಪಕ್ಕದ ಮೂರನೆಯ ಯಂತ್ರದಲ್ಲಿ ಬ್ರೌಸರನ್ನು ತೆರೆದಾಗಲೆಲ್ಲ, ತೆರೆಯಬೇಕಾದ ಪುಟ ತೆರೆಯದೆ, ಹಣದ ಜೂಜಿಗೆ ಕರೆಯುವ ಜಾಹೀರಾತೊಂದು ಪರದೆಯ ತುಂಬ ಹರಡಿಕೊಳ್ಳುತ್ತಿತ್ತು. ಕಂಪ್ಯೂಟರ್ ಕೆಟ್ಟಿದೆಯೆಂದು ಮಕ್ಕಳು ಹೇಳಿದರು. ನಾವೂ ಹಾಗೆಯೇ ತಿಳಿದೆವು. ಬ್ರೌಸರಿನ ಸೆಟ್ಟಿಂಗ್ಸಿಗೆ ಹೋಗಿ ಮೊದಲ ಪುಟದ ವಿಳಾಸವನ್ನು ಬದಲಾಯಿಸಿದೆವು. ಮರುದಿನ ಬೆಳಿಗ್ಗೆ ಬಂದು ನೋಡಲಾಗಿ ಅದೇ ಜಾಹೀರಾತು ಅದೇ ಠೀವಿಯಿಂದ ಕುಳಿತಿದ್ದಿತು. ಬಲ್ಲವರೊಬ್ಬರನ್ನು ಕರೆಯಿಸಿ ತೋರಿಸಲು, ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಬೇಕಾಗುವುದೆಂದೂ ಅದಕ್ಕೆ ಇಂತಿಷ್ಟು ಖರ್ಚು ತಗಲುವುದೆಂದೂ ಹೇಳಿ ಹೋದರು. ಅವರು ಹೇಳಿದ ಮೊತ್ತವು ನಮ್ಮಂತಹ ಶಾಲೆಗೆ ಸಣ್ಣದಾಗಿರಲಿಲ್ಲ.

ನಾವು ಹಣದ ಲೆಕ್ಕವನ್ನು ಹಾಕುತ್ತ ಕುಳಿತಿದ್ದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, “ಸರ್, ಕೆಳಗಿನ ಪಟ್ಟಿಯೊಳಗಿಂದು ಒತ್ತಿದರ ಬರೂದಿಲ್ಲ. ಮ್ಯಾಲಿಂದು ಒತ್ತಿದರ ಅಷ್ಟ ಬರ್ತದ” ಎಂದಳು.

ಆ ಒಂದು ಮಾತಿನಲ್ಲಿ ರೋಗದ ನಿದಾನವೆಲ್ಲವೂ ಅಡಗಿತ್ತು. ಒಂದೇ ಬ್ರೌಸರಿಗೆ ಎರಡು ಐಕಾನುಗಳಿದ್ದು, ಒಂದು ನೆಟ್ಟಗೆ ಕೆಲಸ ಮಾಡಿ ಇನ್ನೊಂದು ಜೂಜಿನ ಕಟ್ಟೆಗೆ ಕರೆದೊಯ್ಯುವುದಾದರೆ, ದೋಷವು ಬ್ರೌಸರಿನಲ್ಲಿ ಇರಲಾರದು, ಐಕಾನಿನಲ್ಲಿಯೇ ಇರಬೇಕು. ಡೆಸ್ಕ್‌ಟಾಪಿನ ಮೇಲಿನ ಆ ಐಕಾನಿನ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ ‘ಪ್ರಾಪರ್ಟೀಸ್’ ಎಂಬುದನ್ನು ತೆರೆದೆವು. ಅಲ್ಲಿ ‘ಟಾರ್ಗೆಟ್’ ಎಂಬ ಉದ್ದನೆಯ ಚೌಕದಲ್ಲಿ ಬ್ರೌಸರು ಎಲ್ಲಿದೆಯೆಂಬ ದಾರಿಯು ಉದ್ಧರಣ ಚಿಹ್ನೆಗಳ ನಡುವೆ ಬರೆದಿತ್ತು. ಅದು ಮುಗಿದ ಮೇಲೆ ಒಂದು ಅಕ್ಷರದಷ್ಟು ಜಾಗ ಬಿಟ್ಟು, ಯಾರೂ ಕಣ್ಣು ಹಾಯಿಸದ ಬಲಗಡೆಯ ತುದಿಯಲ್ಲಿ, ಆ ಜೂಜಿನ ಪುಟದ ವಿಳಾಸವಿತ್ತು. ಯಾರೋ ಎಂದೋ ತುಂಬಿದ ಯಾವುದೋ ಪುಕ್ಕಟೆ ತಂತ್ರಾಂಶವು ಅದನ್ನು ಅಲ್ಲಿ ಸೇರಿಸಿ ಹೋಗಿರಬೇಕು. ಚಿಹ್ನೆಯ ಮುಂದಿದ್ದುದನ್ನು ಅಳಿಸಿ ‘ಓಕೆ’ ಎಂಬುದನ್ನು ಒತ್ತಿದೆವು. ಯಂತ್ರದೊಳಗೆ ಬೇರೇನಾದರೂ ಉಳಿದಿದೆಯೋ ಎಂದು ವೈರಸ್ ಶೋಧಕದಿಂದ ಒಮ್ಮೆ ಪರೀಕ್ಷಿಸಿದೆವು. ಅಂದಿನಿಂದ ಆ ಜಾಹೀರಾತು ಮರಳಿ ಬರಲಿಲ್ಲ, ಹಣವೂ ಖರ್ಚಾಗಲಿಲ್ಲ.

ಈ ಲೇಖನವನ್ನು ಬರೆಯಲು ಆ ದಿನವೇ ಕಾರಣ. ನಾವೆಲ್ಲರೂ ಐಕಾನನ್ನೇ ಬ್ರೌಸರೆಂದು ತಿಳಿದಿದ್ದೇವೆ. ಹಾಗಲ್ಲ. ನಮ್ಮ ಮುಂಬಯಿಯ ಡಬ್ಬಾವಾಲರನ್ನು ನೀವೆಲ್ಲರೂ ನೋಡಿದ್ದೀರಿ. ಊಟದ ಡಬ್ಬಿಯ ಮುಚ್ಚಳದ ಮೇಲೆ ಬಣ್ಣದಲ್ಲಿ ಕೆಲವು ಅಕ್ಷರಗಳೂ ಅಂಕಿಗಳೂ ಬರೆದಿರುತ್ತವೆ. ಯಾವ ಸ್ಟೇಷನ್ನಿನಲ್ಲಿ ಇಳಿಸಬೇಕು, ಯಾವ ಕಟ್ಟಡ, ಎಷ್ಟನೆಯ ಮಹಡಿ ಎಂಬುದು ಆ ಗುರುತಿನಿಂದಲೇ ಒಯ್ಯುವವನಿಗೆ ತಿಳಿಯುತ್ತದೆ. ಗುರುತೇ ಊಟವಲ್ಲ. ಆದರೆ ಆ ಗುರುತನ್ನು ಯಾರಾದರೂ ತಿದ್ದಿದರೆ ಊಟವು ಬೇರೊಬ್ಬರ ಮೇಜಿಗೆ ಹೋಗುವುದು ಖಂಡಿತ. ಐಕಾನೂ ಹಾಗೆಯೇ. 1995ರಲ್ಲಿ ‘ವಿಂಡೋಸ್ 95’ ಬಂದಾಗಿನಿಂದ ಇಂತಹ ಐಕಾನಿನ ಮೂಲೆಯಲ್ಲಿ ಬಾಗಿದ ಚಿಕ್ಕ ಬಾಣವೊಂದು ಕಾಣಿಸುತ್ತ ಬಂದಿದೆ. “ನಾನು ವಸ್ತುವಲ್ಲ, ವಸ್ತುವಿನ ಕಡೆಗೆ ಬೆರಳು ತೋರಿಸುವವನು” ಎಂಬುದೇ ಆ ಬಾಣದ ಅರ್ಥ. ಆ ಬಾಣವನ್ನು ನಾವು ವರ್ಷಗಟ್ಟಲೆ ನೋಡಿಯೂ ಅದೇನೆಂದು ಕೇಳಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ನಮ್ಮ ಮಾತನ್ನೇ ಸ್ವಲ್ಪ ಹೇಳುವುದಾದರೆ, ನಾವು ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ವರ್ಷ ನಮ್ಮ ತಾಲ್ಲೂಕಿನ ಊರಿನ ಬಸ್‌ಸ್ಟ್ಯಾಂಡಿನ ಎದುರಿಗೆ ಇಂಟರ್‌ನೆಟ್ ಅಂಗಡಿಯೊಂದಿತ್ತು. ಫಲಿತಾಂಶವನ್ನು ನೋಡಲು ಅಲ್ಲಿಗೆ ಹೋದೆವು. ಅಂಗಡಿಯವನು “ಆ ನೀಲಿ ಅಕ್ಷರ ಒತ್ತು” ಎಂದ. ಅದು ‘ಇಂಟರ್‌ನೆಟ್ ಎಕ್ಸ್‌ಪ್ಲೋರರ್’ ಎಂಬ ಬ್ರೌಸರಿನ ಐಕಾನು. ಇಂಗ್ಲಿಷಿನ ‘ಇ’ ಅಕ್ಷರದ ಆಕಾರ. ಅಂದಿನಿಂದ ಬಹುಕಾಲ ನಮ್ಮ ಪಾಲಿಗೆ ಇಂಟರ್‌ನೆಟ್ ಎಂದರೆ ಆ ನೀಲಿ ಅಕ್ಷರವೇ ಆಗಿತ್ತು. ಮುಂಬಯಿಗೆ ಬಂದು ಕೆಲಸ ಮಾಡಿದ ಮೊದಲ ಆಫೀಸಿನಲ್ಲಿ ಯಾರೋ ಆ ಐಕಾನನ್ನು ಡೆಸ್ಕ್‌ಟಾಪಿನಿಂದ ತೆಗೆದುಹಾಕಿದ್ದರು. ಇಂಟರ್‌ನೆಟ್ ಹೋಗಿಬಿಟ್ಟಿದೆಯೆಂದು ನಾವು ಇಡೀ ಅರ್ಧ ದಿನ ಸುಮ್ಮನೆ ಕುಳಿತಿದ್ದೆವು. ಕೇಳಲು ನಾಚಿಕೆ. ಇಂಗ್ಲಿಷ್ ಚೆನ್ನಾಗಿ ಬಾರದವನು, ಹಳ್ಳಿಯ ಕಡೆಯಿಂದ ಬಂದವನು, ಕೇಳಿದರೆ ನಗುವರೆಂಬ ಭಯ. ಆ ‘ಎಕ್ಸ್‌ಪ್ಲೋರರ್’ ಈಗ ಬಳಕೆಯಿಂದ ಹೋಗಿದೆ. ವಿಂಡೋಸ್ 10ರ ಮೇಲೆ ಅದಕ್ಕಿದ್ದ ಬೆಂಬಲವನ್ನು ಮೈಕ್ರೋಸಾಫ್ಟಿನವರು 2022ರ ಜೂನ್ 15ರಂದು ನಿಲ್ಲಿಸಿದರು. ಚಿತ್ರವನ್ನು ಮಾತ್ರ ಕಲಿತವರು ಚಿತ್ರ ಹೋದೊಡನೆ ಕುರುಡಾಗುತ್ತಾರೆ. ನಾವು ಆಗಿದ್ದೆವು.

ಅದೇ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ ಕೊನೆಗೊಂಡಿತು. ನಮ್ಮ ಕೋಣೆಯ ಒಂಬತ್ತು ಯಂತ್ರಗಳಲ್ಲಿ ಐದು ಹಳೆಯವು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ಪಾಗಲಿ ಪ್ರೊಸೆಸರಾಗಲಿ ಅವುಗಳಲ್ಲಿ ಇಲ್ಲ. ಅವನ್ನು ಗುಜರಿಗೆ ಕೊಡುವ ಬದಲು ದೀಪಾವಳಿಯ ರಜೆಯಲ್ಲಿ ‘ಉಬುಂಟು’ ಎಂಬ ಲಿನಕ್ಸ್ ವ್ಯವಸ್ಥೆಯನ್ನು ತುಂಬಿದೆವು. ಅದಕ್ಕೆ ಹಣ ಕೊಡಬೇಕಾಗಿಲ್ಲ. ರಜೆ ಮುಗಿಸಿ ಬಂದ ನಿಮ್ಮಲ್ಲಿ ಕೆಲವರು ಮುಖ ಗಂಟಿಕ್ಕಿಕೊಂಡಿರಿ, ಪರಿಚಯದ ಚಿತ್ರಗಳೊಂದೂ ಇರಲಿಲ್ಲವೆಂದು. ಆದರೆ ಜೂನ್ ತಿಂಗಳಲ್ಲಿ ಕಲಿತ ಪಾಠವು ಇಲ್ಲಿಯೇ ನಿಜವಾಗಿ ಉಪಯೋಗಕ್ಕೆ ಬಂದಿತೆಂದು ನಮ್ಮ ಅಭಿಪ್ರಾಯ.

ವಿಂಡೋಸಿನಲ್ಲಿ ಐಕಾನಿನ ಹಿಂದಿರುವುದನ್ನು ಒಂದು ಚೌಕದ ಸಂದಿಯಿಂದ ಇಣುಕಿ ನೋಡಬೇಕು. ಉಬುಂಟುವಿನಲ್ಲಿ ಅದು ತೆರೆದ ಪತ್ರ. ಮೆನುವಿನಲ್ಲಿ ಕಾಣುವ ಪ್ರತಿಯೊಂದು ಐಕಾನಿನ ಹಿಂದೆಯೂ, ಹೆಸರಿನ ಕೊನೆಯಲ್ಲಿ ಚುಕ್ಕಿ ಹಾಕಿ ‘ಡೆಸ್ಕ್‌ಟಾಪ್’ ಎಂದು ಬರೆದಿರುವ ಸಣ್ಣ ಫೈಲೊಂದಿರುತ್ತದೆ. ಯಾವುದೇ ಪಠ್ಯ ಬರೆಯುವ ಸಾಧನದಲ್ಲಿ ಅದನ್ನು ತೆರೆದು ಓದಬಹುದು. ಮೊದಲ ಸಾಲು ಚೌಕ ಕಂಸಗಳ ನಡುವೆ ‘ಡೆಸ್ಕ್‌ಟಾಪ್ ಎಂಟ್ರಿ’ ಎಂಬ ತಲೆಬರಹ. ಅದರ ಕೆಳಗೆ ‘ಟೈಪ್’ ಎಂಬ ಸಾಲು ಇದೊಂದು ಕೆಲಸದ ತಂತ್ರಾಂಶವೆಂದು ಹೇಳುತ್ತದೆ. ‘ನೇಮ್’ ಎಂಬುದು ಚಿತ್ರದ ಕೆಳಗೆ ಕಾಣಬೇಕಾದ ಹೆಸರು. ‘ಐಕಾನ್’ ಎಂಬುದು ಚಿತ್ರವಾವುದೆಂಬುದು. ‘ಎಕ್ಸೆಕ್’ ಎಂಬುದು ಎಲ್ಲಕ್ಕಿಂತ ಮುಖ್ಯವಾದದ್ದು. ಒತ್ತಿದಾಗ ಯಂತ್ರವು ನಡೆಸಬೇಕಾದ ಆಜ್ಞೆ ಅಲ್ಲಿದೆ. ಫೈರ್‌ಫಾಕ್ಸ್ ಬ್ರೌಸರಿನದಾದರೆ ಆ ಸಾಲಿನಲ್ಲಿ ಬ್ರೌಸರಿನ ಹೆಸರೂ, ಅದರ ಮುಂದೆ ಶೇಕಡಾ ಚಿಹ್ನೆಯೊಡನೆ ‘ಯು’ ಎಂಬ ಅಕ್ಷರವೂ ಇರುತ್ತವೆ. ‘ತೆರೆಯಬೇಕಾದ ವಿಳಾಸ ಯಾವುದಾದರೂ ಬಂದಿದ್ದರೆ ಇಲ್ಲಿ ತುಂಬಿಕೋ’ ಎಂಬುದಕ್ಕೆ ಅದು ಸಂಕೇತ. ಅದರ ಬದಲು ನೀವೇ ಒಂದು ವಿಳಾಸವನ್ನು ಬರೆದಿಟ್ಟರೆ, ಐಕಾನನ್ನು ಒತ್ತಿದೊಡನೆ ಆ ಪುಟವೇ ತೆರೆಯುತ್ತದೆ. ಜೂಜಿನವರು ಜೂನ್ ತಿಂಗಳಲ್ಲಿ ನಮ್ಮ ಯಂತ್ರಕ್ಕೆ ಮಾಡಿದ್ದೂ ಇದನ್ನೇ. ವಿದ್ಯೆ ಒಂದೇ, ಅವರು ಕದ್ದು ಬರೆದರು, ನಾವು ತಿಳಿದು ಬರೆಯುತ್ತೇವೆ.

ವ್ಯವಸ್ಥೆಯ ಮೂಲ ಫೈಲನ್ನು ತಿದ್ದಕೂಡದು. ಅದು ಎಲ್ಲರಿಗೂ ಸೇರಿದ್ದು, ಮೇಲಾಗಿ ಮುಂದಿನ ಅಪ್‌ಡೇಟಿನಲ್ಲಿ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ಅದರ ಪ್ರತಿಯೊಂದನ್ನು ನಿಮ್ಮ ಮನೆ-ಫೋಲ್ಡರಿನೊಳಗೆ ‘ಲೋಕಲ್’, ‘ಶೇರ್’, ‘ಅಪ್ಲಿಕೇಶನ್ಸ್’ ಎಂದು ಒಂದರೊಳಗೊಂದಿರುವ ಜಾಗದಲ್ಲಿ ಇರಿಸಬೇಕು. ‘ಲೋಕಲ್’ ಎಂಬುದರ ಹೆಸರು ಚುಕ್ಕಿಯಿಂದ ಆರಂಭವಾಗುವುದರಿಂದ ಸಾಮಾನ್ಯವಾಗಿ ಕಣ್ಣಿಗೆ ಕಾಣುವುದಿಲ್ಲ. ಕಂಟ್ರೋಲ್ ಕೀಲಿಯೊಡನೆ ‘ಎಚ್’ ಒತ್ತಿದರೆ ಕಾಣಿಸುತ್ತದೆ. ಫೈಲಿನ ಹೆಸರು ಮೂಲದಲ್ಲಿದ್ದಂತೆಯೇ ಇದ್ದರೆ ಯಂತ್ರವು ಮೂಲವನ್ನು ಬಿಟ್ಟು ನಿಮ್ಮದನ್ನೇ ಮನ್ನಿಸುತ್ತದೆ. ಬೇರೆ ಹೆಸರಿಟ್ಟರೆ ಎರಡೂ ಪಕ್ಕಪಕ್ಕದಲ್ಲಿ ಕಾಣುತ್ತವೆ. 22.04ನೆಯ ಆವೃತ್ತಿಯಿಂದೀಚೆಗೆ ಉಬುಂಟುವಿನಲ್ಲಿ ಫೈರ್‌ಫಾಕ್ಸ್ ‘ಸ್ನ್ಯಾಪ್’ ಎಂಬ ಕಟ್ಟಿನ ರೂಪದಲ್ಲಿ ಬರುತ್ತಿರುವುದರಿಂದ ಅದರ ಫೈಲು ಇತರ ತಂತ್ರಾಂಶಗಳ ಜೊತೆಗಿರದೆ ಸ್ನ್ಯಾಪಿನ ಫೋಲ್ಡರಿನಲ್ಲಿ ಬೇರೆಯಾಗಿರುತ್ತದೆ. ಇದನ್ನು ತಿಳಿಯದೆ ನಾವು ಒಂದು ಮಧ್ಯಾಹ್ನವನ್ನೆಲ್ಲ ಹುಡುಕಾಟದಲ್ಲಿ ಕಳೆದೆವು.

ಇನ್ನು ಹೆಸರಿನ ಪ್ರಶ್ನೆ. ಇಲ್ಲಿ ನಮ್ಮ ಏಳನೆಯ ತರಗತಿಯಲ್ಲಿ ನಡೆದಷ್ಟು ಚರ್ಚೆ ವ್ಯಾಕರಣದ ಪಾಠದಲ್ಲಿ ಎಂದೂ ನಡೆದಿಲ್ಲ. ‘ಫೈರ್‌ಫಾಕ್ಸ್’ ಎಂಬುದಕ್ಕೆ ‘ಬೆಂಕಿನರಿ’ ಎಂದು ಬರೆಯಬೇಕೆಂದು ಒಬ್ಬನು ಹಟ ಹಿಡಿದನು. ಫೈರ್‌ಫಾಕ್ಸ್ ಎಂಬುದು ಹಿಮಾಲಯದ ಕಾಡುಗಳಲ್ಲಿರುವ ಕೆಂಪು ಪಾಂಡಾ ಎಂಬ ಪ್ರಾಣಿಗೆ ಇಂಗ್ಲಿಷಿನಲ್ಲಿರುವ ಇನ್ನೊಂದು ಹೆಸರು, ಅದು ನರಿಯೂ ಅಲ್ಲವೆಂದು ಹೇಳಿದ ಮೇಲೆ ಸುಮ್ಮನಾದನು. ‘ಜಾಲದರ್ಶಕ’ ಎಂದು ಮತ್ತೊಬ್ಬನು. ಅದು ನಿಘಂಟಿನ ಮಾತು, ಬಾಯಿಗೆ ಬರುವುದಿಲ್ಲವೆಂದು ಹುಡುಗಿಯರು ಆಕ್ಷೇಪಿಸಿದರು. ಮಾಲೀಕರು ಇಟ್ಟ ಹೆಸರನ್ನು ಅನುವಾದಿಸುವುದು ಉಚಿತವಲ್ಲವೆಂದೇ ನಮ್ಮ ಅಭಿಪ್ರಾಯ. ‘ಫೈರ್‌ಫಾಕ್ಸ್’ ಎಂದು ಕನ್ನಡ ಲಿಪಿಯಲ್ಲಿ ಬರೆದರೆ ಸಾಕು. ಆದರೆ ನಾವೇ ಹೊಸದಾಗಿ ಮಾಡಿದ ಐಕಾನಿಗೆ ನಮ್ಮದೇ ಹೆಸರಿಡಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಸಂಗ್ರಹಿಸಿ, 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ದೊರೆತ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿನ ವಿಳಾಸವನ್ನು ಆಜ್ಞೆಯ ಸಾಲಿನಲ್ಲಿ ಬರೆದು, ಹೆಸರಿನ ಸಾಲಿನಲ್ಲಿ ‘ಪದ ಹುಡುಕು’ ಎಂದು ಇಟ್ಟವಳು ಆ ಎಂಟನೆಯ ತರಗತಿಯ ಹುಡುಗಿಯೇ. ಇದಕ್ಕಿಂತ ಚೆನ್ನಾದ ಹೆಸರನ್ನು ನಾವು ಹೇಳಲಾರೆವು.

ಕನ್ನಡದಲ್ಲಿ ಬರೆಯುವುದು ಹೇಗೆಂಬ ತೊಂದರೆ ಈಗಿಲ್ಲ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ‘ಕಗಪ’ ಕೀಲಿಮಣೆ ಉಬುಂಟುವಿನೊಡನೆಯೇ ಬರುತ್ತದೆ. ಸೆಟ್ಟಿಂಗ್ಸಿನಲ್ಲಿ ಆರಿಸಿಕೊಂಡರೆ ಆಯಿತು.

ಹೆಸರಿನ ಸಾಲಿನಲ್ಲಿ ನಮಗೆ ಬಹಳ ಮೆಚ್ಚುಗೆಯಾದ ಅನುಕೂಲವೊಂದಿದೆ. ‘ನೇಮ್’ ಎಂಬ ಸಾಲು ಒಂದೇ ಇರಬೇಕೆಂದಿಲ್ಲ. ‘ನೇಮ್’ ಎಂದು ಬರೆದು, ಅದಕ್ಕೆ ತಗಲಿಕೊಂಡಂತೆ ಚೌಕ ಕಂಸದಲ್ಲಿ ಭಾಷೆಯ ಗುರುತಾದ ಎರಡು ಅಕ್ಷರಗಳನ್ನು ಬರೆದರೆ ಆ ಭಾಷೆಯವರಿಗೆ ಆ ಹೆಸರು ಕಾಣುತ್ತದೆ. ಕನ್ನಡಕ್ಕೆ ‘ಕೆ’, ‘ಎನ್’. ಮರಾಠಿಗೆ ‘ಎಮ್’, ‘ಆರ್’. ಹಿಂದಿಗೆ ‘ಎಚ್’, ‘ಐ’. ಯಂತ್ರದ ಭಾಷೆಯನ್ನು ಕನ್ನಡಕ್ಕೆ ಇಟ್ಟವನಿಗೆ ‘ಪದ ಹುಡುಕು’ ಎಂದು ಕಾಣುತ್ತದೆ. ಮರಾಠಿಗೆ ಇಟ್ಟವನಿಗೆ ‘ಶಬ್ದ ಶೋಧಾ’ ಎಂದು. ಯಾವ ಗುರುತೂ ಇಲ್ಲದ ಮೊದಲ ಸಾಲು ಉಳಿದವರೆಲ್ಲರಿಗೆ. ಒಂದೇ ಫೈಲಿನಲ್ಲಿ ಕನ್ನಡವೂ ಮರಾಠಿಯೂ ಹಿಂದಿಯೂ ಒಂದರ ಕೆಳಗೊಂದು ಕುಳಿತಿರುತ್ತವೆ. ಒಂದರ ಜಾಗವನ್ನು ಇನ್ನೊಂದು ಕಸಿಯುವುದಿಲ್ಲ. ಮನೆಯಲ್ಲಿ ಕನ್ನಡ, ಚಾಳಿನಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ ಆಡುತ್ತ ಬೆಳೆಯುವ ನಿಮಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಆ ಮರಾಠಿಯ ಸಾಲನ್ನು ಬರೆದುಕೊಟ್ಟವನು ನಮ್ಮ ಶಾಲೆಯವನಲ್ಲ. ನಿಮ್ಮಲ್ಲೊಬ್ಬನ ನೆರೆಮನೆಯ ಗೆಳೆಯ.

ಎಲ್ಲವೂ ಸುಗಮವಾಗಿ ನಡೆಯಿತೆಂದು ತಿಳಿಯಬೇಡಿರಿ. ಕನಕ ಜಯಂತಿಯ ಹಿಂದಿನ ದಿನ ಒಂಬತ್ತನೆಯ ತರಗತಿಯವರು ಕನ್ನಡ ವಿಕಿಪೀಡಿಯದಲ್ಲಿರುವ ಕನಕದಾಸರ ಪುಟಕ್ಕೆ ಒಂದು ಐಕಾನ್ ಮಾಡಹೊರಟರು. 2003ರಲ್ಲಿ ಆರಂಭವಾದ ಆ ವಿಶ್ವಕೋಶವನ್ನು ಕನ್ನಡಿಗರೇ ಸ್ವಇಚ್ಛೆಯಿಂದ ಬರೆದು ಬೆಳೆಸುತ್ತಿದ್ದಾರೆ. ಬ್ರೌಸರಿನ ಮೇಲ್ಭಾಗದಲ್ಲಿ ವಿಳಾಸವು ಅಚ್ಚಗನ್ನಡದಲ್ಲಿ ಕಾಣುತ್ತಿತ್ತು. ಅದನ್ನು ನಕಲು ಮಾಡಿ ಆಜ್ಞೆಯ ಸಾಲಿಗೆ ಅಂಟಿಸಲು, ಕನ್ನಡವೆಲ್ಲ ಮಾಯವಾಗಿ ಶೇಕಡಾ ಚಿಹ್ನೆಗಳ ಉದ್ದನೆಯ ಸರವೊಂದು ಬಂದು ಬಿದ್ದಿತು. ಐಕಾನನ್ನು ಒತ್ತಿದರೆ, ಇಂತಹ ಪುಟವೇ ಇಲ್ಲವೆಂಬ ಉತ್ತರ. ಹುಡುಗರ ಮುಖ ಸಪ್ಪಗಾಯಿತು. “ಕನ್ನಡ ನಡೆಯೂದಿಲ್ಲ ಬಿಡ್ರಿ ಸರ್” ಎಂದು ಒಬ್ಬನು ಹೇಳಿಯೇಬಿಟ್ಟನು. ಆ ಮಾತು ನಮ್ಮನ್ನು ಚುಚ್ಚಿತು. ಹಿಂದೊಮ್ಮೆ ಆಫೀಸಿನಲ್ಲಿ ಅರ್ಧ ದಿನ ಸುಮ್ಮನೆ ಕುಳಿತಾಗ ನಮ್ಮ ಮನಸ್ಸಿನಲ್ಲಿದ್ದ ಮಾತೂ ಅದೇ ಆಗಿತ್ತು.

ನಡೆಯದಿದ್ದುದಕ್ಕೆ ಕಾರಣವಿತ್ತು, ಅದು ಕನ್ನಡದ ಕೊರತೆಯಲ್ಲ. ಕಂಪ್ಯೂಟರು ಕನ್ನಡದ ಒಂದೊಂದು ಅಕ್ಷರವನ್ನೂ ಮೂರು ತುಂಡುಗಳಾಗಿ ಬರೆದಿಡುತ್ತದೆ. ವಿಳಾಸದಲ್ಲಿ ಪ್ರತಿ ತುಂಡಿಗೂ ಒಂದು ಶೇಕಡಾ ಚಿಹ್ನೆ, ಅದರ ಮುಂದೆ ಎರಡು ಗುರುತು. ‘ಕ’ ಎಂಬುದನ್ನು ಬರೆಯಬೇಕಾದರೆ ಶೇಕಡಾ, ಇ, ಸೊನ್ನೆ. ಶೇಕಡಾ, ಬಿ, ಎರಡು. ಶೇಕಡಾ, ಒಂಬತ್ತು, ಐದು. ‘ಕನಕ’ ಎಂಬ ಮೂರಕ್ಷರಕ್ಕೆ 27 ಗುರುತುಗಳು, ಅವುಗಳಲ್ಲಿ 9 ಶೇಕಡಾ ಚಿಹ್ನೆಗಳು. ಆಜ್ಞೆಯ ಸಾಲಿನಲ್ಲಿ ಶೇಕಡಾ ಚಿಹ್ನೆಗೆ ವಿಶೇಷಾರ್ಥವುಂಟೆಂದು ಮೇಲೆ ಹೇಳಿದೆವಷ್ಟೆ. ಯಂತ್ರವು ಅವನ್ನೆಲ್ಲ ಸಂಕೇತಗಳೆಂದು ತಿಳಿದು ನುಂಗಿಹಾಕಿ, ಉಳಿದ ಚೂರುಗಳನ್ನು ಬ್ರೌಸರಿಗೆ ಕೊಟ್ಟಿತ್ತು. ಇದಕ್ಕೆ ಪರಿಹಾರ ಬಹಳ ಸುಲಭ: ಆ ಸಾಲಿನಲ್ಲಿ ನಿಜವಾದ ಶೇಕಡಾ ಚಿಹ್ನೆ ಬೇಕಾದಲ್ಲೆಲ್ಲ ಅದನ್ನು ಎರಡು ಸಲ ಬರೆಯಬೇಕೆಂಬುದು ನಿಯಮ. ಒಂದೇ ಸಲಕ್ಕೆ ಎಲ್ಲವನ್ನೂ ಬದಲಾಯಿಸಿದ ಮೇಲೆ ಕನಕದಾಸರ ಪುಟ ತೆರೆಯಿತು. ಆ ದಿನ ಆ ಕೋಣೆಯಲ್ಲಿ ಎದ್ದ ಗದ್ದಲಕ್ಕೆ ಮುಖ್ಯೋಪಾಧ್ಯಾಯರು ಬಂದು ವಿಚಾರಿಸಬೇಕಾಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ನಿಯಮದ ಪ್ರಕಾರ ಹೆಸರಿನ ಸಾಲು ಯಾವ ಭಾಷೆಯನ್ನಾದರೂ ಸ್ವೀಕರಿಸುತ್ತದೆ. ಆಜ್ಞೆಯ ಸಾಲು ಇಂಗ್ಲಿಷ್ ಅಕ್ಷರಗಳನ್ನೂ ಅಂಕಿಗಳನ್ನೂ ಚಿಹ್ನೆಗಳನ್ನೂ ಮಾತ್ರ. ಜಪಾನಿನವರಿಗೂ ಚೀನದವರಿಗೂ ಅದೇ ನಿಯಮ. ಆದುದರಿಂದ ಇಂಗ್ಲಿಷನ್ನು ಬಿಟ್ಟುಬಿಡಬಹುದೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಆದರೆ ಆಜ್ಞೆಯ ಸಾಲನ್ನು ಓದಲು ಬೇಕಾದ ಇಂಗ್ಲಿಷ್ ಹತ್ತು ಹದಿನೈದು ಪದಗಳಷ್ಟು. ಅವನ್ನು ಅರ್ಥಮಾಡಿಕೊಳ್ಳಲು ಬೇಕಾದ ಬುದ್ಧಿಯನ್ನು ಕನ್ನಡದಲ್ಲಿಯೇ ಬೆಳೆಸಬಹುದು. ನಾವು ಮೇಲೆ ಹೇಳಿದುದನ್ನೆಲ್ಲ ನಿಮಗೆ ಕನ್ನಡದಲ್ಲಿಯೇ ಹೇಳಿದೆವು, ನಿಮಗೆ ತಿಳಿಯಿತು.

ಪಾಲಕರ ಸಭೆಯಲ್ಲಿ ಒಬ್ಬರು ಎದ್ದು, “ಮಾಸ್ತರ್, ಇದರಿಂದ ಪರೀಕ್ಷೆಯೊಳಗ ಮಾರ್ಕ್ಸ್ ಬರ್ತಾವೇನ್ರಿ?” ಎಂದು ಕೇಳಿದರು. ಬರುವುದಿಲ್ಲವೆಂದು ಹೇಳಿದೆವು. ಅವರು ಗೋದಿಯಲ್ಲಿ ಹಮಾಲಿ ಕೆಲಸ ಮಾಡಿ ಮಗನನ್ನು ಓದಿಸುತ್ತಿರುವವರು. ಪ್ರಶ್ನೆಯನ್ನು ಕುಚೋದ್ಯಕ್ಕಾಗಿ ಕೇಳಿದವರಲ್ಲ. ಅವರ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆಯಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಕಂಪ್ಯೂಟರಿನ ಮುಂದೆ ಹಿಂದೆ ಬೀಳುತ್ತಾನೆಂಬ ಮಾತು ಈ ನಗರದಲ್ಲಿ ಎಲ್ಲ ಕಡೆಯೂ ಇದೆ. ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತ, ಒಂದೊಂದಾಗಿ ಶಾಲೆಗಳು ಮುಚ್ಚುತ್ತ ಬಂದಿರುವುದಕ್ಕೆ ಆ ಮಾತೂ ಒಂದು ಕಾರಣ. ಸಹೋದ್ಯೋಗಿಗಳೊಬ್ಬರು ಇದನ್ನೇ ಬೇರೆ ರೀತಿಯಲ್ಲಿ ಹೇಳಿದರು: “ಮುಂದೆ ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷೇ ಇರುತ್ತದೆ; ಈಗ ಕನ್ನಡ ಹೆಸರುಗಳ ರೂಢಿ ಮಾಡಿಸಿ ಅಲ್ಲಿ ಅವರನ್ನು ಪೇಚಿಗೆ ಸಿಕ್ಕಿಸುತ್ತೀರಿ.” ಅವರ ಕಳಕಳಿಯನ್ನು ಗೌರವಿಸಿಯೂ ನಾವು ಒಪ್ಪಲಾರೆವು. ಆಫೀಸಿನಲ್ಲಿ ನಾವು ಅರ್ಧ ದಿನ ಪೇಚಾಡಿದ್ದು ಐಕಾನಿನ ಹೆಸರು ಕನ್ನಡದಲ್ಲಿದ್ದುದರಿಂದಲ್ಲ. ಅದು ಇಂಗ್ಲಿಷಿನಲ್ಲಿಯೇ ಇತ್ತು. ಅದರ ಹಿಂದೆ ಏನಿದೆಯೆಂದು ತಿಳಿಯದಿದ್ದುದರಿಂದ. ‘ಪದ ಹುಡುಕು’ ಎಂಬುದರ ಹಿಂದಿನ ಸಾಲನ್ನು ತಾನೇ ಬರೆದ ಹುಡುಗಿಗೆ ನಾಳೆ ಯಾವ ಕಾಲೇಜಿನಲ್ಲಿ ಯಾವ ಭಾಷೆಯ ಐಕಾನನ್ನು ತೋರಿಸಿದರೂ ಅದನ್ನು ಎಲ್ಲಿ ಒತ್ತಿ ತೆರೆದು ಓದಬೇಕೆಂಬುದು ಗೊತ್ತಿದೆ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬರುವಂತೆ ಕನ್ನಡವನ್ನು ಕಂಪ್ಯೂಟರ್ ಕೋಣೆಯ ಹೊರಗೆ ಬಿಟ್ಟು ಬರಬೇಕೆಂದು ನಾವು ಬಹಳ ವರ್ಷ ನಂಬಿದ್ದೆವು. ನೀವು ಹಾಗೆ ನಂಬಬೇಕಾಗಿಲ್ಲ.

ಹಾಗೆಂದು ಮಾಡಬಹುದಾದುದನ್ನೆಲ್ಲ ಮಾಡಬೇಕೆಂದಿಲ್ಲ. ನಾಲ್ಕು ಹುಡುಗರು ಸೇರಿ ಎಲ್ಲ ಐಕಾನುಗಳಿಗೂ ಸಿನಿಮಾ ನಟನ ಚಿತ್ರವನ್ನೇ ಹಾಕಿದ್ದರಿಂದ ಯಾವುದು ಏನೆಂದು ಒಂದು ವಾರ ಯಾರಿಗೂ ತಿಳಿಯಲಿಲ್ಲ. ಕ್ರೋಮಿಯಂ ಬ್ರೌಸರಿನ ಆಜ್ಞೆಯಲ್ಲಿ ‘ಆ್ಯಪ್’ ಎಂಬ ಪದವನ್ನು ಸೇರಿಸಿ ವಿಳಾಸ ಕೊಟ್ಟರೆ ಆ ಪುಟವು ವಿಳಾಸದ ಪಟ್ಟಿಯೇ ಇಲ್ಲದೆ ಸ್ವತಂತ್ರ ತಂತ್ರಾಂಶದಂತೆ ತೆರೆಯುತ್ತದೆ. ನೋಡಲು ಅಂದ. ಆದರೂ ಮಕ್ಕಳು ಬಳಸುವ ಯಂತ್ರದಲ್ಲಿ ಅದು ಬೇಡವೆಂದು ನಾವು ತೆಗೆಸಿದೆವು. ತಾನು ಯಾವ ವಿಳಾಸದಲ್ಲಿ ನಿಂತಿದ್ದೇನೆಂಬುದು ಕಣ್ಣೆದುರಿಗೆ ಇರಬೇಕು. ಬೇರೆಯವರಿಂದ ಬಂದ ಇಂತಹ ಫೈಲನ್ನು ಡೆಸ್ಕ್‌ಟಾಪಿನ ಮೇಲೆ ಇಟ್ಟಾಗ ಉಬುಂಟು ಅದನ್ನು ಕೂಡಲೇ ನಡೆಸುವುದಿಲ್ಲ. ಬಲಗುಂಡಿಯನ್ನೊತ್ತಿ ‘ಅಲೌ ಲಾಂಚಿಂಗ್’ ಎಂದು ನೀವೇ ಅಪ್ಪಣೆ ಕೊಡಬೇಕು. ಹೆಸರಿನ ಸಾಲಿನಲ್ಲಿ ‘ಪದ ಹುಡುಕು’ ಎಂದಿದ್ದು ಆಜ್ಞೆಯ ಸಾಲಿನಲ್ಲಿ ಬೇರೇನೋ ಇರಬಹುದಾದುದರಿಂದ, ಅಪ್ಪಣೆ ಕೊಡುವ ಮುನ್ನ ಫೈಲನ್ನು ತೆರೆದು ಓದಿರಿ. ಓದಲು ಒಂದು ನಿಮಿಷ ಸಾಕು.

ತರಗತಿಗೊಂದು ಐಕಾನ್ ಮಾಡಿರುವ ವಿಷಯವನ್ನೂ ಹೇಳಿಬಿಡುತ್ತೇವೆ. ಆಜ್ಞೆಯ ಸಾಲಿನಲ್ಲಿ ಅಡ್ಡಗೆರೆಯೊಡನೆ ‘ಪಿ’ ಎಂಬ ಅಕ್ಷರವನ್ನೂ ಮೊದಲೇ ಮಾಡಿಟ್ಟ ಪ್ರೊಫೈಲಿನ ಹೆಸರನ್ನೂ ಬರೆದರೆ ಫೈರ್‌ಫಾಕ್ಸ್ ಆ ಪ್ರೊಫೈಲಿನಲ್ಲಿ ತೆರೆಯುತ್ತದೆ. ಏಳನೆಯವರ ಬುಕ್‌ಮಾರ್ಕುಗಳು ಎಂಟನೆಯವರಲ್ಲಿ ಬೆರೆಯುವುದಿಲ್ಲ. ಆದರೆ ಇದು ಬೀಗವಲ್ಲ, ಬರಿಯ ಗೋಡೆ ಗಡಿಯಾರದ ಹಿಂದಿನ ಗೂಡಿನಂತೆ. ಬೇಕಾದವರು ಕೈ ಹಾಕಬಹುದು. ಪಾಸ್‌ವರ್ಡುಗಳನ್ನು ಅಲ್ಲಿ ಉಳಿಸಿ ಹೋಗಬೇಡಿರಿ.

ಐದು ಯಂತ್ರಗಳಲ್ಲಿ ನಾಲ್ಕರ ಕೆಲಸ ಮುಗಿದಿದೆ. ಐದನೆಯದರ ಐಕಾನಿನ ಕೆಳಗೆ ಇನ್ನೂ ಇಂಗ್ಲಿಷ್ ಹೆಸರೇ ಇದೆ. ಏಳನೆಯ ತರಗತಿಯವರು ‘ಜಾಲದರ್ಶಕ’ ಎಂಬುದಕ್ಕೂ ಬರಿಯ ‘ಬ್ರೌಸರ್’ ಎಂಬುದಕ್ಕೂ ಸರಿಸಮಾನವಾಗಿ ಕೈ ಎತ್ತಿದ್ದು, ಅಂದು ಗೈರುಹಾಜರಾಗಿದ್ದ ಇಬ್ಬರು ಊರಿನ ಜಾತ್ರೆಯಿಂದ ಮರಳಿ ಬಂದ ಮೇಲೆ ಮತ್ತೊಮ್ಮೆ ಮತ ತೆಗೆದುಕೊಳ್ಳುವುದೆಂದು ತೀರ್ಮಾನವಾಗಿದೆ.